ಕೆಳಗಿನ ವಾಲ್ವ್

ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಬಗ್ಗಿದ್ದರು. ಶ್ಯಾಮಸುಂದರ ಮೇಷ್ಟ್ರು ಒದ್ದೆ ಪಂಚೆಯಲ್ಲೇ ಮುಂದೆ ಬಂದು ಬಿದಿರಿನ ಮೇಲೆ ಕೈಯಿಟ್ಟರು.

"ಎತ್ತಬೇಡಿ. ಇನ್ನೂ ಒಬ್ರು ಬರಬೇಕು."

ಗೋವಿಂದರಾಜನಗರದ ಆ ಅಡ್ಡರಸ್ತೆಯಲ್ಲಿ ಶಾಮಿಯಾನದ ಕೆಳಗಿದ್ದವರೆಲ್ಲ ಆಗಲೇ ಎದ್ದು ನಿಂತಿದ್ದರು. ಮುಕ್ತಿವಾಹನದ ಡ್ರೈವರ್ ಹಿಂಬಾಗಿಲು ತೆರೆದು ಕಾಯುತ್ತಿದ್ದ. ಸತ್ತ ಸೀತಾಳ ತಮ್ಮ ಆತ್ರೇಯ ಬಗ್ಗಿದಲ್ಲಿಂದಲೇ ತಲೆಯೆತ್ತಿ ಭಾವನನ್ನು ನೋಡಿದ.

"ಯಾರು ಭಾವ? ಮೈಸೂರಿನವರೂ ಬಂದಾಯ್ತಲ್ಲ."

"ಜ್ಯೋತಿಲಕ್ಷ್ಮಿ. ಸೀತ ಜೊತೆ ಫ್ಯಾಕ್ಟರೀಲಿ ಕೆಲಸ ಮಾಡೋಳು."

"ಫ್ಯಾಕ್ಟರಿಯವರು ಅಲ್ಲೇ ನಿಂತಿದಾರಲ್ಲ. ಸುಮನಹಳ್ಳಿ ಚಿತಾಗಾರದಲ್ಲಿ ಕೊಟ್ಟಿರೋ ಟೈಮ್ ತಪ್ಪಿದ್ರೆ ಸಂಜೆ ತನಕ ಕಾಯಬೇಕಾಗತ್ತೆ."

"ಕಾಯೋಣ."

ಫ್ಯಾಕ್ಟರಿಯ ಮಾಲೀಕ ಕಶ್ಯಪ್ ಗುಂಪು ದಾಟಿ ಹತ್ತಿರ ಬಂದ. ಅಪ್ಪನಿಂದ ಕಾರ್ಖಾನೆ ವಹಿಸಿಕೊಂಡ ಹುಡುಗ. ಸೀತಾಳನ್ನು ಚಿಕ್ಕಂದಿನಿಂದ ಆಂಟಿ ಎಂದೇ ಕರೆದವನು.

"ಅಂಕಲ್, ಜ್ಯೋತೀನೇ ಹೇಳಿದಾಳೆ, ನನಗೋಸ್ಕರ ಕಾಯಬೇಡಿ ಅಂತ. ನಿನ್ನೆ ಆಂಟಿ ಎದೆ ಹಿಡ್ಕೊಂಡು ಬಿದ್ದಾಗ ಎಲ್ಲಾ ಬಿಟ್ಟು ಆಸ್ಪತ್ರೆಗೆ ಓಡಿದ್ವಿ. ಟ್ಯಾಂಕ್ ತುಂಬಾ ಸಾಲ್ವೆಂಟ್ ಹಾಗೇ ನಿಂತುಬಿಡ್ತು. ಬೆಳಗ್ಗೆ ಬಾಗಿಲು ತೆಗೆದ್ರೆ ಶೆಡ್ಡೊಳಗೆ ನಿಲ್ಲೋಕಾಗಲ್ಲ, ಅಷ್ಟು ವಾಸನೆ. ಹಿಂದಿನ ಗೋಡೆಗೆ ಅಂಟಿಕೊಂಡೇ ಮನೆಗಳು, ಅಲ್ಲಿ ಒಲೆ ಉರೀತಿರತ್ತೆ. ನಾನಿರ್ತೀನಿ, ನೀನು ಹೋಗು ಅಂದೆ. ಲೀಕ್ ಸಿಗದೆ ಬರಲ್ಲ ಅಂದ್ಲು. ಹೆಲ್ಪರ್ ಮಹೇಶನ್ನ ಜೊತೆಗಿಟ್ಕೊಂಡು ನಮ್ಮನ್ನೆಲ್ಲ ಕಳಿಸಿಬಿಟ್ಲು."

ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಸೀತಾಳ ತಲೆಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. ಗಂಡನೇ ಕುಳಿತ ಮೇಲೆ ಹೆಗಲು ಕೊಡಲು ಬಂದವರಿಗೂ ಬೇರೆ ದಾರಿ ಇರಲಿಲ್ಲ.

*

ಸೀತಾ ಆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಷ್ಟ್ರಿಗೆ ಅದು ಕೊಂಚವೂ ಹಿಡಿಸಿರಲಿಲ್ಲ. ಕಾಮಾಕ್ಷಿಪಾಳ್ಯದ ಗಲ್ಲಿಯಲ್ಲೊಂದು ತಗಡಿನ ಶೆಡ್ಡು. ಬೇರು, ತೊಗಟೆಗಳನ್ನು ಸಾಲ್ವೆಂಟ್ ಎಂಬ, ಬೇಗ ಹೊತ್ತಿಕೊಳ್ಳುವ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಿದ್ದರು. ಆಮೇಲೆ ಟ್ಯಾಂಕಿನೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಸಣ್ಣ ಶಾಖದಲ್ಲೇ ಸಾಲ್ವೆಂಟನ್ನು ಆವಿ ಮಾಡಿ, ತಣಿಸಿ, ಮತ್ತೆ ಹಿಡಿದುಕೊಳ್ಳುತ್ತಿದ್ದರು. ಸಂಜೆ ಸೀತಾ ಮನೆಗೆ ಬಂದರೆ ಉಗುರಿನ ಬಣ್ಣದ ಬಾಟಲಿ ಒಡೆದಂಥ ವಾಸನೆ. ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡೇ ಅನ್ನಕ್ಕಿಡುತ್ತಿದ್ದಳು.

"ಬಿಟ್ಬಿಡು. ಕೆಮಿಸ್ಟ್ರಿ ಓದಿದೀಯ, ನಮ್ಮ ಸ್ಕೂಲಲ್ಲೇ ಕೇಳ್ತೀನಿ" ಎಂದಿದ್ದರು.

"ನಾನು ಬಿಟ್ರೆ ಲೀಕ್ ನಿಲ್ಲತ್ತಾ? ನನ್ನ ಬದಲು ಇನ್ನೊಬ್ಳು ಆ ವಾಸನೆ ಕುಡೀತಾಳೆ, ಅಷ್ಟೇ. ಮೊದಲು ಅದನ್ನ ಹುಡುಕ್ತೀನಿ. ಬಿಡೋ ಮಾತು ಆಮೇಲೆ."

ಒಂದು ಭಾನುವಾರ ಅವಳು ರಜೆಯೆನ್ನದೆ ಹೊರಟುಹೋದಾಗ ಮೇಷ್ಟ್ರು ಊಟದ ಡಬ್ಬಿಯ ನೆಪ ಮಾಡಿಕೊಂಡು ಹಿಂದೆಯೇ ಹೋದರು. ಇವತ್ತು ಕೈಹಿಡಿದು ಕರೆತಂದೇ ಬಿಡುವುದೆಂದು ನಿರ್ಧರಿಸಿದ್ದರು. ಶೆಡ್ಡಿನಲ್ಲಿ ಸೀತಾ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕುಳಿತು ಗೋಡೆಯ ಗಡಿಯಾರದಂಥ ಮೀಟರೊಂದನ್ನು ನೋಡುತ್ತಿದ್ದಳು.

"ಸೀತಾ—"

"ಶ್! ಮುಳ್ಳು ನೋಡ್ತಾ ಇದೀನಿ. ಕೂತ್ಕೊಳ್ಳಿ."

ಕುಳಿತರು. ಪಂಪು ನಿಂತಿತ್ತು. ಮುಳ್ಳು ಕಂಡೂ ಕಾಣದಷ್ಟು ನಿಧಾನವಾಗಿ ಹಿಂದಕ್ಕೆ ಜಾರುತ್ತಿತ್ತು.

"ನೋಡಿದ್ರಾ? ಗಾಳಿ ಎಲ್ಲಿಂದಲೋ ಒಳಗೆ ನುಗ್ತಿದೆ. ಒಳಗೆ ಬರೋ ಗಾಳಿಗೆ ವಾಸನೆ ಇಲ್ವಲ್ಲ, ಯಾರಿಗೂ ಗೊತ್ತಾಗಲ್ಲ. ಯಂತ್ರ ನಿಲ್ಲಿಸಿದ ಮೇಲೆ ಅದೇ ಸಂದೀಲಿ ಸಾಲ್ವೆಂಟ್ ಹೊರಗೆ ಬರತ್ತೆ. ಆಗ ಎಲ್ರೂ ಮೂಗು ಮುಚ್ಕೋತಾರೆ."

ಅವಳು ಎದ್ದು ಒಂದು ವಾಲ್ವ್ ಮುಚ್ಚಿ ಪೈಪಿನ ಒಂದು ಭಾಗವನ್ನು ಬೇರೆ ಮಾಡಿದಳು. ಪಂಪು ಹಾಕಿ, ನಿಲ್ಲಿಸಿ, ಮತ್ತೆ ಮುಳ್ಳಿನ ಮುಂದೆ ಕುಳಿತಳು. ಜಾರಿತು. ಇನ್ನೊಂದು ಮುಚ್ಚಿದಳು. ಜಾರಿತು. ಡಬ್ಬಿಯ ಅನ್ನ ಆರಿಹೋಯಿತು. ಬಿಸಿಲು ಇಳಿಯುವ ಹೊತ್ತಿಗೆ ಮುಳ್ಳು ಒಮ್ಮೆ ನಿಂತಿತು. ಆಗಷ್ಟೇ ಮುಚ್ಚಿದ್ದ ವಾಲ್ವಿನ ಆಚೆಗೇ ಸಂದಿಯಿದೆ ಎಂದು ಅವಳು ಅಲ್ಲಿನ ಇನ್ನೊಂದು ವಾಲ್ವನ್ನು ಬಿಚ್ಚಿದಳು. ಒಳಗಿನ ವಾಷರಿನಲ್ಲಿ ತೊಗಟೆಯ ಚೂರೊಂದು ಸಿಕ್ಕಿಕೊಂಡು, ಹಿಡಿಕೆ ಪೂರಾ ತಿರುಗಿದರೂ ಬಾಯಿ ಮುಚ್ಚದಂತೆ ಮಾಡಿತ್ತು. ಮೇಷ್ಟ್ರು ಏನು ಮಾಡಲು ಬಂದಿದ್ದರೋ ಅದನ್ನು ಮರೆತು, ಬಿಚ್ಚಿದ ನಟ್ಟುಗಳನ್ನು ಡಬ್ಬಿಯ ಮುಚ್ಚಳದಲ್ಲಿ ಹಿಡಿದುಕೊಂಡು ನಿಂತಿದ್ದರು. ಕೆಲಸ ಬಿಡು ಎಂಬ ಮಾತು ಆಮೇಲೆ ಆ ಮನೆಯಲ್ಲಿ ಹುಟ್ಟಲಿಲ್ಲ.

*

"ಕೊನೇಲಿ ಏನಾದ್ರೂ ಹೇಳಿದ್ಲಾ ಸೀತ?" ಮೈಸೂರಿನ ಚಿಕ್ಕಮ್ಮ ಕೇಳಿದರು.

ಬೆಳಗಿನಿಂದ ಎಲ್ಲರೂ ಕೇಳಿದ್ದೇ ಅದು. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಂಬುಲೆನ್ಸಿನಲ್ಲಿ ಜೊತೆಗಿದ್ದವಳು ಜ್ಯೋತಿಲಕ್ಷ್ಮಿ. ಅವಳು ಅತ್ತಳೇ ಹೊರತು ಒಂದು ಮಾತೂ ಆಡಿರಲಿಲ್ಲ.

"ಭಾವ, ಪುರೋಹಿತರು ಕೇಳ್ತಿದಾರೆ" ಎಂದ ಆತ್ರೇಯ.

"ನಿಮ್ಮಕ್ಕ ಬಿದ್ದಾಗ ಹಿಡಿದೋಳು ಅವಳು. ಅವಳು ಬರದೆ ನಾನು ಏಳಲ್ಲ."

ಆತ್ರೇಯ ಬದಿಗೆ ಹೋಗಿ ಚಿತಾಗಾರಕ್ಕೆ ಫೋನ್ ಹಚ್ಚಿ, "ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್, ನಮ್ಮನೇವ್ರು ಒಬ್ರು ಬರೋದಿದೆ" ಎಂದು ಬೇಡಿಕೊಳ್ಳತೊಡಗಿದ.

ಬಿಸಿಲು ಶಾಮಿಯಾನದ ಅಂಚಿನಿಂದ ಒಳಗೆ ಬಂದು ಸೀತಾಳ ಪಾದ ಮುಟ್ಟುವ ಹೊತ್ತಿಗೆ ಸ್ಕೂಟರೊಂದು ರಸ್ತೆಯ ತಿರುವಿನಲ್ಲಿ ಕಾಣಿಸಿತು. ಮಹೇಶ ನಿಲ್ಲಿಸುವ ಮೊದಲೇ ಜ್ಯೋತಿಲಕ್ಷ್ಮಿ ಹಿಂದಿನಿಂದ ಇಳಿದಳು. ಮೈಮೇಲೆ ಕೆಲಸದ ನೀಲಿ ಕೋಟು. ಕುರುಬರಹಳ್ಳಿಯಿಂದ ಪ್ಯಾಕಿಂಗ್ ಕೆಲಸಕ್ಕೆಂದು ಬಂದವಳು. ಲೀಕ್ ನಿಲ್ಲಿಸುತ್ತೇನೆಂದು ವಾಲ್ವನ್ನು ಬಿಗಿದೂ ಬಿಗಿದೂ ಅದರ ಕತ್ತು ಮುರಿದಾಗ, ಸೀತಾ ಬೈಯದೆ ತನ್ನ ಪಕ್ಕ ಇನ್ನೊಂದು ಡ್ರಮ್ ಬೋರಲು ಹಾಕಿಸಿ ಕೂರಿಸಿಕೊಂಡಿದ್ದಳು.

ಚಟ್ಟದ ಹತ್ತಿರ ಬಂದವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು. ಪುರೋಹಿತರು ಅಕ್ಕಿಯ ತಟ್ಟೆ ಮುಂದೆ ಹಿಡಿದರು.

"ಕೈ ವಾಸನೆ ಹೊಡೀತಿದೆ ಮೇಷ್ಟ್ರೇ. ಎಷ್ಟು ತೊಳೆದ್ರೂ ಹೋಗ್ಲಿಲ್ಲ."

"ಅವಳಿಗೆ ಅದು ಹೊಸದಲ್ಲ ಕಣಮ್ಮ. ಹಾಕು."

ಬೆರಳುಗಳು ಕೆಂಪಾಗಿ ಸಿಪ್ಪೆಯೆದ್ದಿದ್ದವು. ಅವಳು ಸೀತಾಳ ಬಾಯಿಗೆ ಅಕ್ಕಿ ಹಾಕಿದಳು.

"ಜ್ಯೋತಿ, ಅವಳು ಏನಾದ್ರೂ ಹೇಳಿದ್ಲಾ?" ಮೇಷ್ಟ್ರು ಮೆಲ್ಲಗೆ ಕೇಳಿದರು.

ಅವಳು ಸುತ್ತಲಿದ್ದವರನ್ನು ನೋಡಿ ತಲೆ ತಗ್ಗಿಸಿದಳು. "ಹೇಳಿದ್ರು. ನಿಮ್ಮ ಬಗ್ಗೆ ಅಲ್ಲ ಮೇಷ್ಟ್ರೇ. ಅದಕ್ಕೇ ನಿನ್ನೆ ಬಾಯಿ ಬರ್ಲಿಲ್ಲ."

"ಹೇಳು."

"'ಮೇಲಿನವೆಲ್ಲಾ ನೋಡಾಯ್ತು, ಸರಿಯಾಗಿದಾವೆ. ಕೆಳಗಡೆ ನೋಡು' ಅಂದ್ರು. ಅಷ್ಟೇ. ಆಮೇಲೆ ಕಣ್ಣು ಮುಚ್ಚಿದ್ರು."

ಮೇಷ್ಟ್ರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಆತ್ರೇಯ ಬೆನ್ನ ಮೇಲೆ ಕೈಯಿಟ್ಟ, ನೋಡಿದರೆ ನಗುತ್ತಿದ್ದರು. ನಗುನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು. ಬೆಳಗಿನಿಂದ ಒಂದು ಹನಿಯೂ ಬಂದಿರಲಿಲ್ಲ.

"ಸಿಕ್ತಾ?" ಎಂದು ಕೇಳಿದರು, ಉತ್ತರೀಯದಲ್ಲಿ ಮುಖ ಒರೆಸಿಕೊಂಡು.

"ಸಿಕ್ತು. ತಳದಲ್ಲಿ ಖಾಲಿ ಮಾಡೋ ವಾಲ್ವ್. ವಾಷರ್ ತಿಂದುಹೋಗಿತ್ತು. ಟ್ಯಾಂಕ್ ಪೂರಾ ಖಾಲಿ ಮಾಡಿ, ಹೊಸದು ಹಾಕಿ, ಗಾಳಿ ಎಳೆದು ನೋಡಿದ್ವಿ. ಮುಳ್ಳು ಅಲ್ಲಾಡ್ಲಿಲ್ಲ. ಅದಕ್ಕೇ ಲೇಟಾಯ್ತು."

"ಸರಿ" ಎಂದು ಮೇಷ್ಟ್ರು ಎದ್ದರು. "ಆತ್ರೇಯ, ಎತ್ತಪ್ಪ."

ಜ್ಯೋತಿಲಕ್ಷ್ಮಿ ವಾಹನದ ಬಾಗಿಲವರೆಗೆ ಬಂದು ನಿಂತಳು. ಹೆಂಗಸರು ಚಿತಾಗಾರಕ್ಕೆ ಬರುವ ಪದ್ಧತಿಯಿಲ್ಲವೆಂದು ಪುರೋಹಿತರು ಗೊಣಗಿದರು. ಮೇಷ್ಟ್ರು ಒಳಗಿನಿಂದ ಕೈ ಚಾಚಿದರು.

"ಹತ್ತಮ್ಮ."

ಸೀತಾಳ ಎರಡೂ ಬದಿಗೆ ಬೆಂಚುಗಳು. ಒಂದರಲ್ಲಿ ಆತ್ರೇಯ, ಕಶ್ಯಪ್. ಇನ್ನೊಂದರಲ್ಲಿ ಮೇಷ್ಟ್ರು, ಜ್ಯೋತಿಲಕ್ಷ್ಮಿ. ಗಾಡಿ ಮಾಗಡಿ ರಸ್ತೆಗೆ ತಿರುಗಿ ಬಸ್ಸುಗಳ ನಡುವೆ ಸಿಕ್ಕಿ ತೆವಳತೊಡಗಿತು. ಹಿಂದಿನ ದಿನದಿಂದ ರೆಪ್ಪೆ ಮುಚ್ಚದಿದ್ದ ಹುಡುಗಿಯ ತಲೆ ಮೊದಲು ಮುಂದಕ್ಕೆ ತೂಗಿತು, ಆಮೇಲೆ ಪಕ್ಕಕ್ಕೆ ವಾಲಿತು. ಎಬ್ಬಿಸಲು ಕಶ್ಯಪ್ ಕೈ ಮುಂದೆ ಮಾಡಿದ. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಮುಂದೆ ರಸ್ತೆಯ ಉಬ್ಬು ಕಂಡಿತು. ಅವರು ಅವಳ ತಲೆಗೂ ಕಿಟಕಿಯ ಕಬ್ಬಿಣದ ಸರಳಿಗೂ ನಡುವೆ ತಮ್ಮ ಅಂಗೈ ಇಟ್ಟರು.