ಮರಿಲಿಂಗಪ್ಪನ ಮೊಳ

ಹಸಿ ಜಾಲಿ ಕಡಿದಾಗ ಏಳುವ ಒಗರು ವಾಸನೆ ಮೋನಮ್ಮನಿಗೆ ವನದುರ್ಗದ ಬಾಲ್ಯವನ್ನು ತರುತ್ತಿತ್ತು. ಹೊಲಕ್ಕೆ ಬೇಲಿ ಹಾಕಿ ಬಂದ ಅಪ್ಪನ ಅಂಗಿಯಲ್ಲೂ ಅದೇ ವಾಸನೆ. ಇವತ್ತು ದೋರನಹಳ್ಳಿಯ ತನ್ನ ಹಿತ್ತಲ ತುಂಬ ಅದು ಹರಡಿತ್ತು. ಅದನ್ನು ನೆಮ್ಮದಿಯಿಂದ ಮೂಸಲು ಪಕ್ಕದ ಮನೆಯ ಗೊಲ್ಲಾಳಮ್ಮ ಬಿಡಬೇಕಲ್ಲ.

ಗೊಲ್ಲಾಳಮ್ಮನ ಆಡುಗಳು ಎರಡು ಸಲ ಬದನೆ ಸಸಿ ಮೇಯ್ದ ಮೇಲೆ ಹಿರಿಯರ ಮುಂದೆ ಮಾತಾಗಿತ್ತು: ಅವಳ ಗೋಡೆಯಿಂದ ಏಳು ಮೊಳ ದಾರಿ ಬಿಟ್ಟು ಬೇಲಿ. ಆ ಅಂಚಿಗೇ ಮೋನಮ್ಮನ ಕರಿಬೇವು. ಮೂರು ವರ್ಷ ಒದ್ದಾಡಿ ಈಗಷ್ಟೇ ಚಿಗುರಿತ್ತು.

"ದಾರಿ ಎಷ್ಟ ಬಿಟ್ಟೀದಿ, ಟೀಚರಮ್ಮ?"

"ಮಾತಾದಷ್ಟ, ಅಕ್ಕ. ಏಳು ಮೊಳ."

"ಯಾರ ಮೊಳ?"

"ಮರಿಲಿಂಗಪ್ಪ ಅಳದಾನ."

ಗೊಲ್ಲಾಳಮ್ಮ ನಕ್ಕಳು. "ಕೈ ತೋರ್ಸೋ, ಮರಿಲಿಂಗ."

ಬೇಲಿ ಕೆಲಸಕ್ಕೆ ಕೂಲಿ ಬಂದು ಕುಣಿ ತೋಡುತ್ತಿದ್ದ ಮರಿಲಿಂಗಪ್ಪ ಬಲಗೈಯನ್ನು ಟವೆಲಿನೊಳಗೆ ಸೇರಿಸಿಕೊಂಡ. ಮೇವು ಕತ್ತರಿಸುವ ಮಷೀನು ಆ ಕೈಯ ಮೂರು ಬೆರಳನ್ನು ಅರ್ಧಕ್ಕೇ ತಿಂದಿತ್ತು.

"ಬೆರಳಿಲ್ಲದವನ್ನ ಹುಡುಕಿ ತಂದಾಳ, ಓದಿದಾಕಿ. ಮೊಳಕ್ಕ ಎರಡು ಬೆರಳಗಲ ಕಮ್ಮಿ ಬಿದ್ರ ಏಳಕ್ಕ ಎಷ್ಟು? ಅಂಗನವಾಡಿ ಕೂಸುಗೋಳಿಗೆ ನೀನs ಕಲಸ್ತೀಯಲ್ಲ, ಹೇಳು."

ಮೋನಮ್ಮನಿಗೆ ಅದು ಹೊಳೆದೇ ಇರಲಿಲ್ಲ.

"ನಂಗ ಗೊತ್ತಿತ್ರಿ," ಎಂದ ಮರಿಲಿಂಗಪ್ಪ ನೆಲ ನೋಡುತ್ತ. "ಹೇಳಾಕ ನಾಚಿಕಿ ಬಂತು."

"ತಪ್ಪು ನಂದು. ನಿಮ್ಮ ಕೈಲೇ ಅಳೀರಿ, ಅಕ್ಕ."

ಗೊಲ್ಲಾಳಮ್ಮ ಕುಕ್ಕರಗಾಲಲ್ಲಿ ಕೂತು ಅಳೆಯುತ್ತ ಬಂದಳು. ಏಳನೆಯ ಮೊಳ ಕರಿಬೇವನ್ನು ದಾಟಿತು.

"ಇಲ್ಲಿ ನೆಡು ಕಂಬ."

"ಗಿಡ ಹೊರಗ ಉಳಿತೈತಿ, ಅಕ್ಕ."

"ಉಳೀಲಿ. ನಮ್ಮ ಆಡು ತಿಂತಾವ."

ಮೋನಮ್ಮ ತಾನೇ ಕಂಬ ಎತ್ತಿ ತಂದು ಅಲ್ಲಿಟ್ಟಳು. ಮರಿಲಿಂಗಪ್ಪ ಹೊಸ ಕುಣಿ ತೋಡಿದ, ಕಂಬ ನೆಟ್ಟು ಮುಳ್ಳು ಹೆಣೆದ, ಹಳೆಯ ಕಬ್ಬಿಣದ ಮಂಚದ ತಲೆಭಾಗವನ್ನು ತಂತಿ ಬಿಗಿದು ಗೇಟು ಮಾಡಿದ. ಉಳಿದ ಮುಳ್ಳನ್ನು ಹೊರಗೆ ಒಯ್ದು ಕರಿಬೇವಿನ ಸುತ್ತ ಒತ್ತಿ ಒತ್ತಿ ಇಟ್ಟ. ಮೊಂಡು ಬೆರಳುಗಳಿಂದ ರಕ್ತ ಒಸರುತ್ತಿತ್ತು.

"ಯಾರ ಜಾಗಾ ಅದು?" ಎಂದಳು ಗೊಲ್ಲಾಳಮ್ಮ.

"ನಿಮ್ದs ರಿ. ತಗಿ ಅಂದ್ರ ತಗಿತೀನಿ."

ಗೊಲ್ಲಾಳಮ್ಮ ಗಿಡ ನೋಡಲಿಲ್ಲ, ಅವನ ಕೈ ನೋಡಿದಳು. ತಗಿ ಅನ್ನಲೂ ಇಲ್ಲ. ಒಳಗೆ ಹೋಗಿ ಬಾಗಿಲು ಬಡಿದಳು. ಈಗ ಆಡು ಬಿಚ್ಚುತ್ತಾಳೆ ಎಂದು ಮೋನಮ್ಮ ಗೇಟು ಹಿಡಿದೇ ನಿಂತಳು.

ಬಾಗಿಲು ತೆರೆಯಿತು. ತಾಟಿನಲ್ಲಿ ಎರಡು ಬಿಸಿ ರೊಟ್ಟಿ, ಪುಂಡಿ ಪಲ್ಯ. ಮೋನಮ್ಮನ ಕಡೆ ತಿರುಗಿಯೂ ನೋಡದೆ ಗೊಲ್ಲಾಳಮ್ಮ ಅದನ್ನು ಮರಿಲಿಂಗಪ್ಪನ ಕೈಗೆ ಕೊಟ್ಟಳು.