ಎರಡೂ ಪ್ರತಿ ಒಂದೇ ಮಣೆಯ ಮೇಲೆ

ಅಂಗಡಿಯಿಂದ ತಂದ ಬೀಜ ಹುಟ್ಟದೆ ಹೋದರೆ ಮನೆಯಲ್ಲಿ ಏನಾಗುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ರಂಗಂಪೇಟೆಯ ಹನುಮಮ್ಮನ ಹೊಲದಲ್ಲಿ ಒಂದು ವರ್ಷ ಹಾಗಾಯಿತು. ಚೀಲಕ್ಕೆ ಚೀಟಿ ಇತ್ತು, ಚೀಟಿಗೆ ಮೊಹರು ಇತ್ತು, ಒಳಗಿದ್ದ ಶೇಂಗಾ ಮಾತ್ರ ಮಣ್ಣು ಬಿಟ್ಟು ಮೇಲೇಳಲಿಲ್ಲ. ಅಂಗಡಿಯವನನ್ನು ಕೇಳಿದರೆ, ಚೀಟಿ ಸರಿಯಾಗಿದೆಯಲ್ಲ ಎಂದ.

ಆ ಸಿಟ್ಟಿನಲ್ಲಿ ಹುಟ್ಟಿದ್ದು ನಮ್ಮ ಸಂಘ. ನಾವು ನಲವತ್ತೆರಡು ಹೆಣ್ಣುಮಕ್ಕಳು. ನಮ್ಮ ಹೊಲಗಳಲ್ಲೇ ಶೇಂಗಾ ಬೀಜ ಬೆಳೆದು ಬೇರೆ ರೈತರಿಗೆ ಕೊಡುತ್ತಿದ್ದೆವು. ಹನುಮಮ್ಮ ಅಧ್ಯಕ್ಷೆ. ನಾನು ಪರಿಮಳಾ, ಪಿಯುಸಿ ಓದಿದ ಒಂದೇ ತಪ್ಪಿಗೆ ಕಾರ್ಯದರ್ಶಿಯಾಗಿ ಕಂಪ್ಯೂಟರಿನ ಮುಂದೆ ಕೂತವಳು. ಈ ಕಥೆಯಲ್ಲಿ ಕೆಡಿಸಿದವಳೂ ನಾನೇ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಇನ್ಯಾರನ್ನೋ ಹುಡುಕುತ್ತ ಕೂರಬೇಡಿ.

ಬೀಜ ಮಾರುವುದೆಂದರೆ ಬರೀ ಕಾಳು ಮಾರುವುದಲ್ಲ. ಇದು ಯಾರ ಹೊಲದ್ದು, ಯಾವತ್ತು ಬಿತ್ತಿದ್ದು, ಬೆಳೆ ನಿಂತಾಗ ನೋಡಲು ಹೋದವರು ಏನು ಕಂಡರು, ನೂರು ಕಾಳಿಗೆ ಎಷ್ಟು ಮೊಳಕೆ ಬಂತು, ಇದನ್ನೆಲ್ಲ ಪ್ರತಿ ಚೀಲಕ್ಕೂ ಹೇಳಬೇಕು. ಚೀಲ ಹೆಚ್ಚಾದಂತೆ ನೋಟುಬುಕ್ಕಿನಲ್ಲಿ ಗಲಿಬಿಲಿ ಆಗತೊಡಗಿತು. ಅದಕ್ಕೇ ಸಂಘದ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಕೊಂಡೆವು. ಮಾರಲು ಬಂದವರು, ಇದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದರು. ನಮಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಶಹಾಪುರದಿಂದ ಸಂಘಮಿತ್ರಾಳನ್ನು ಕರೆಸಿದೆ. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಅಲ್ಲಿನ ಒಂದು ಗೊಬ್ಬರದ ಗೋದಾಮಿನಲ್ಲಿ ಗುಮಾಸ್ತೆ, ಇಂಥದೇ ಸಾಫ್ಟ್‌ವೇರಿನಲ್ಲಿ ಐದಾರು ವರ್ಷ ಪಳಗಿದವಳು.

"ಎಲ್ಲಿ ಇಡೋದು ಅಂದ್ರೇನವ್ವ? ಕಂಪ್ಯೂಟರ್ ಅದ, ಅದರಾಗ ಇಡೋದು," ಎಂದಳು ಹನುಮಮ್ಮ.

"ಹಂಗೂ ಇಡಬೌದು ಆಯಿ. ಇನ್ನೊಂದು ದಾರಿನೂ ಅದ. ದೂರದ ಊರಾಗ ದೊಡ್ಡ ಕಂಪ್ಯೂಟರ್ ಇರ್ತಾವ, ಸರ್ವರ್ ಅಂತಾರ. ಅದರಾಗ ಜಾಗ ಬಾಡಿಗಿಗೆ ಕೊಡ್ತಾರ. ನಿಮ್ಮ ದಾಖಲೆ ಎಲ್ಲಾ ಅಲ್ಲಿರ್ತದ, ನೀವು ಇಲ್ಲಿ ಕುಂತು ನೆಟ್ ಮ್ಯಾಲ ತಗದು ನೋಡ್ತೀರಿ. ದಿನಾ ನಕಲು ತಗದಿಡೋ ಕೆಲಸ ಅವರೇ ಮಾಡ್ತಾರ."

"ಅಂದ್ರ ನಮ್ಮ ಬೀಜದ ಗುಟ್ಟು ಮಂದಿ ಮನ್ಯಾಗ?"

"ಪಾಸ್‌ವರ್ಡ್ ನಿಮ್ಮ ಕೈಯಾಗ ಇರ್ತದ್ರಿ. ಅದಿಲ್ದ ತೆರಿಯಂಗಿಲ್ಲ."

"ಮೊಹರು ಅದ ಅಂತ ಅಂಗಡ್ಯಾವನೂ ಅಂದಿದ್ದ. ಮತ್ತ ನೆಟ್ ಹೋತಂದ್ರ? ಇಲ್ಲಿ ಜೋರು ಗಾಳಿ ಬೀಸಿದ್ರ ಕರೆಂಟ್ ಇರಂಗಿಲ್ಲ. ಚೀಲ ತೂಕಕ್ಕ ನಿಂತಾಗ ಮಾರಿ ಮಾರಿ ನೋಡ್ಕೋತ ಕುಂದ್ರೂದೇನು?"

ಸಂಘಮಿತ್ರಾ ಇಲ್ಲದ್ದನ್ನು ಇದೆ ಎನ್ನುವವಳಲ್ಲ. "ಅದು ಖರೇ ಅದ್ರಿ," ಎಂದಳು. "ನೆಟ್ ಇಲ್ಲಂದ್ರ ಬಾಡಿಗಿ ಜಾಗ ಕಾಣಂಗಿಲ್ಲ. ಅದಕ್ಕ ಮೂರನೇ ದಾರಿ ಅದ. ಕೆಲಸ ಇಲ್ಲೇ, ನಿಮ್ಮ ಕಂಪ್ಯೂಟರಿನ್ಯಾಗ ಮಾಡ್ರಿ. ನೆಟ್ ಬಂದಾಗೆಲ್ಲ ಒಂದು ನಕಲು ತಾನೇ ಹೊರಗಿನ ಸರ್ವರ್‌ಗೆ ಹೋಗೋಹಂಗ ಮಾಡಿಸ್ರಿ. ವರ್ಷಕ್ಕ ಒಂದಿಷ್ಟು ಬಾಡಿಗಿ ಬೀಳ್ತದ, ಅಷ್ಟೇ."

"ಬ್ಯಾಡ ತಂಗಿ. ನಮ್ಮ ಮಾಲು ನಮ್ಮ ಕಣ್ಣ ಮುಂದ ಇರಲಿ."

ಎಲ್ಲರೂ ಹೂಂ ಎಂದರು. ನಾನೂ ಎಂದೆ. ಸಂಘಮಿತ್ರಾ ಚಹಾ ಕುಡಿದು ಎದ್ದವಳು ಬಾಗಿಲಲ್ಲಿ ನಿಂತಳು.

"ಹಂಗಾದ್ರ ಒಂದು ಮಾತರ ನಡಸ್ರಿ. ಸಣ್ಣದೊಂದು ಡಿಸ್ಕ್ ತರ್ರಿ. ಶನಿವಾರಕ್ಕೊಮ್ಮೆ ಎಲ್ಲಾ ಅದರಾಗ ನಕಲು ಮಾಡಿ ಪರಿಮಳಾ ತನ್ನ ಮನಿಗೆ ಒಯ್ಯಲಿ. ಆ ಡಿಸ್ಕ್ ಮತ್ತ ಈ ಕಂಪ್ಯೂಟರ್ ಒಂದು ರಾತ್ರಿನೂ ಒಂದೇ ಸೂರಿನ ಕೆಳಗ ಇರಬಾರ್ದು. ತಿಳೀತಿಲ್ಲೋ?"

ತಿಳಿಯಿತು ಎಂದೆ. ಎರಡು ವರ್ಷ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ನಕಲು ಮಾಡುವುದು, ಡಿಸ್ಕನ್ನು ಕುಬುಸದ ಕಣದಲ್ಲಿ ಸುತ್ತಿ ಮನೆಗೆ ಒಯ್ದು ಟ್ರಂಕಿನಲ್ಲಿಡುವುದು. ಜ್ವರ ಬಂದ ವಾರವೂ ಹೋಗಿ ಮಾಡಿ ಬಂದೆ.

ಹೋದ ವರ್ಷ ಶೇಂಗಾ ಚೆನ್ನಾಗಿ ಬಂತು. ಆದರೆ ಬೆಳೆ ನಿಂತಾಗ ನೋಡಲು ಹೋದವರಿಗೆ ನಮ್ಮ ಸಂಘದ ಗೊಲ್ಲಾಳಮ್ಮನ ಹೊಲದಲ್ಲಿ ಬುಡ ಕೊಳೆಯುವ ರೋಗ ಕಂಡಿತ್ತು. ಆಕೆಯದು ಬೀಜಕ್ಕೆ ಬೇಡ, ಎಣ್ಣೆಗೆ ಮಾರೋಣ ಎಂದು ಕಂಪ್ಯೂಟರಿನಲ್ಲಿ ಗುರುತು ಹಾಕಿದೆ. ಆಕೆಯ ಇಪ್ಪತ್ತಾರು ಚೀಲವೂ ಸೇರಿ ಒಟ್ಟು ಮುನ್ನೂರು ಹತ್ತು ಚೀಲ ಒಂದೇ ಗೋದಾಮಿನಲ್ಲಿದ್ದವು. ಚೀಲಗಳೆಲ್ಲ ಒಂದೇ ಥರದವು. ತೂಕಕ್ಕೆ ಯಾರ ಚೀಲ ಮುಂದೆ ಬಂತೋ ಅದಕ್ಕೆ ಕಂಪ್ಯೂಟರ್ ಮುಂದಿನ ನಂಬರ್ ಕೊಡುತ್ತಿತ್ತು, ಹಾಗಾಗಿ ಒಬ್ಬಳ ಚೀಲಗಳು ಒಂದೇ ಸಾಲಿನಲ್ಲಿರಲಿಲ್ಲ. ಚೀಲದ ಮೇಲೆ ಇದ್ದದ್ದು ನಂಬರ್ ಒಂದೇ.

ದೀಪಾವಳಿ ಅಮಾವಾಸ್ಯೆಗೆ ಆಫೀಸಿನಲ್ಲಿ ಲಕ್ಷ್ಮೀಪೂಜೆ. ಮಣೆಯ ಮೇಲೆ ಕಂಪ್ಯೂಟರಿನ ಡಬ್ಬಿ, ಸಂಘದ ಮೊಹರು, ಹೊಲ ನೋಡಿ ಬರೆದ ಕಾಗದಗಳ ಕಟ್ಟು ಎಲ್ಲ ಇಟ್ಟಾಯಿತು. ಹನುಮಮ್ಮ ಸುತ್ತ ನೋಡಿದಳು.

"ಪರಿಮಳಾ, ಆ ಸಣ್ಣದೂ ತಾರವ್ವ. ಅದೂ ನಮ್ಮ ಲಕ್ಷ್ಮೀನ ಅಲ್ಲೇನು? ಹಬ್ಬದ ದಿನ ಒಂದನ್ನಷ್ಟೇ ಕತ್ತಲ್ದಾಗ ಕುಂದ್ರಸ್ತಾರೇನು?"

ಮನೆಗೆ ಓಡಿ ಹೋಗಿ ಡಿಸ್ಕ್ ತಂದೆ. ಎರಡಕ್ಕೂ ಕುಂಕುಮ ಹಚ್ಚಿದೆವು, ಚೆಂಡುಹೂ ಏರಿಸಿದೆವು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಕದಲಿಸುವಂತಿಲ್ಲ, ದೀಪ ಆರಿಸುವಂತಿಲ್ಲ. ಬಾಗಿಲು ಹಾಕುವಾಗ ಸಂಘಮಿತ್ರಾಳ ಮಾತು ನೆನಪಾಯಿತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಒಂದೇ ರಾತ್ರಿ ತಾನೇ ಎಂದುಕೊಂಡು ಕೀಲಿ ಹಾಕಿದೆ.

ರಾತ್ರಿ ಇಲಿ ಉರಿಯುವ ಎಣ್ಣೆಬತ್ತಿಯನ್ನು ಎಳೆದುಕೊಂಡು ಹೋಗಿರಬೇಕು, ಬೆಂಕಿ ಹತ್ತಿತು. ಬೆಳಿಗ್ಗೆ ನೋಡಿದಾಗ ಆ ಕೋಣೆಯಲ್ಲಿ ಗೋಡೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಅಂಗಳದಾಚೆಯ ಗೋದಾಮಿಗೆ ಬೆಂಕಿ ತಾಗಿರಲಿಲ್ಲ. ಹೆಂಗಸರು ಬಾಗಿಲು ತೆರೆದು, ಚೀಲಗಳನ್ನು ಮುಟ್ಟಿ ನೋಡಿ, ಸಂತೋಷಕ್ಕೆ ಅತ್ತರು. ಶೇಂಗಾ ಉಳೀತಲ್ಲ ಪರಿಮಳಾ ಎಂದು ನನ್ನನ್ನೇ ತಬ್ಬಿಕೊಂಡರು. ಏನು ಹೋಗಿದೆ ಎಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಸಂಘಮಿತ್ರಾ ಮೊದಲ ಬಸ್ಸಿಗೆ ಬಂದಳು. "ಡಿಸ್ಕ್ ಎಲ್ಲದ ಪರಿಮಳಾ?" ಎಂದಳು. ನಾನು ಆ ಬೂದಿಯ ಕಡೆ ಕೈ ತೋರಿಸಿದೆ. ಆಕೆ ಬೂದಿ ಕೆದರಿ ಕಂಪ್ಯೂಟರನ್ನೂ ಡಿಸ್ಕನ್ನೂ ಹುಡುಕಿ ತೆಗೆದಳು. ಕರಗಿ ಮುದ್ದೆಯಾದ ಎರಡನ್ನೂ ಕಲಬುರಗಿಯ ರಿಪೇರಿ ಅಂಗಡಿಗೆ ಒಯ್ದೆವು. ಅವರು ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟರು.

ಹತ್ತು ದಿನಕ್ಕೆ ಬೀಜ ಕೊಳ್ಳುವವರ ಕಡೆಯ ನೀಲಕಂಠ ಲಾರಿ ತಂದ. ಒಳ್ಳೆಯ ಮನುಷ್ಯ, ನಮ್ಮ ಕೆಲಸ ಕಂಡವನು.

"ಮೊಳಕಿ ಬೇಕಾದ್ರ ಇನ್ನೊಮ್ಮೆ ನೋಡಬೌದ್ರಿ. ಹೊಲ ಹೆಂಗ ನೋಡೋದು? ಬೆಳಿ ಕಿತ್ತೀರಿ. ರೋಗದ ಹೊಲದ ಚೀಲ ಯಾವು ಅಂತರ ಹೇಳ್ರಿ, ಅವನ್ನ ಬಿಟ್ಟು ಉಳದದ್ದು ಒಯ್ತೀನಿ."

ಗೊಲ್ಲಾಳಮ್ಮ ಗೋದಾಮಿನೊಳಗೆ ಹೋದಳು. ಒಂದೊಂದೇ ಚೀಲ ಸವರಿದಳು, ಹೊಲಿಗೆ ನೋಡಿದಳು, ಕಾಯಿ ತೆಗೆದು ಮೂಸಿದಳು. ಹೊರಗೆ ನಲವತ್ತೊಂದು ಜನ ಕಾಯುತ್ತ ನಿಂತಿದ್ದೆವು. ಆಕೆ ಬಾಗಿಲಿಗೆ ಬಂದು ಸೆರಗು ಬಾಯಿಗಿಟ್ಟಳು. "ಗೊತ್ತಾಗವಲ್ದವ್ವ. ಗೊತ್ತಿದ್ರ ನಾ ಮುಚ್ಚಿಡ್ತೀನೇನು? ನನ್ನ ಒಂದು ಹೊಲಕ್ಕ ಎಲ್ಲಾರ್ದೂ ಹೋತಲ್ಲ," ಎಂದು ಅಲ್ಲೇ ಕೂತು ಅತ್ತಳು. ಆಕೆಯ ತಪ್ಪು ಏನಿತ್ತು?

ನೀಲಕಂಠನಿಗೂ ನೋಡಲಾಗಲಿಲ್ಲ. ಹನುಮಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. "ಆಯಿ, ಅಂದಾಜಿನ ಮ್ಯಾಲ ಒಂದು ಪಟ್ಟಿ ಬರದು ಕೊಡ್ರಿ. ನಾ ಏನೂ ಕೇಳಂಗಿಲ್ಲ."

ಎಲ್ಲರೂ ಹನುಮಮ್ಮನ ಮುಖ ನೋಡಿದರು. ಪಟ್ಟಿ ಬರಿ ಎನ್ನಲಿ ಎಂದು ನಾನೂ ಮನಸ್ಸಿನೊಳಗೆ ಬೇಡಿಕೊಂಡೆ, ನಾಚಿಕೆ ಬಿಟ್ಟು ಹೇಳುತ್ತೇನೆ.

"ಅಂದಾಜಿನ ಮ್ಯಾಲ ಬರದ ಚೀಟಿ ಒಮ್ಮೆ ನನ್ನ ಹೊಲಕ್ಕ ಬಂದಿತ್ತಪ್ಪ," ಎಂದಳು ಹನುಮಮ್ಮ. "ಇದನ್ನ ಯಾರ ಹೊಲಕ್ಕ ಕಳಸಲಿ, ನೀನೇ ಹೇಳು."

ಲಾರಿ ಖಾಲಿ ಹೋಯಿತು.

ಮುನ್ನೂರು ಹತ್ತು ಚೀಲವನ್ನೂ ಎಣ್ಣೆ ಮಿಲ್ಲಿಗೆ ಹಾಕಿದೆವು, ಬೀಜಕ್ಕೆ ಸಿಗುವ ಬೆಲೆ ಅಲ್ಲಿ ಸಿಗಲಿಲ್ಲ. ಜೊತೆಗೆ ನಾನೇ ಹೋಗಿದ್ದೆ. ಮಿಲ್ಲಿನ ಮಾಲೀಕ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, "ಛಲೋ ಮಾಲ್ ಅದವ್ವ, ಬೀಜದ ಮಾಲ್ ಇದ್ದಂಗ ಅದ," ಎಂದ. ನಾನು ಹೂಂ ಎಂದೆ. ಬಿತ್ತಿದ ಕೈ, ಕಳೆ ತೆಗೆದ ಕೈ, ಬಿಸಿಲಲ್ಲಿ ಕೂತು ಕಾಯಿ ಆರಿಸಿದ ಕೈ, ಎಲ್ಲರ ದುಡಿಮೆ ಆ ಗಾಣದಲ್ಲಿ ಹೋಯಿತು. ವಾಸನೆ ತಾಳಲಾರದೆ ಹೊರಗೆ ಬಂದು ನಿಂತೆ.

ಮತ್ತೆ ಸಭೆ ಕರೆದಾಗ ಹನ್ನೆರಡು ಜನ ಬಂದರು. ಉಳಿದವರು ಬೇರೆ ಕೆಲಸ ಹಿಡಿದಿದ್ದರು, ಹಿಡಿಯದೇ ಇನ್ನೇನು ಮಾಡಿಯಾರು? ಹನುಮಮ್ಮ ತಾನೇ ಸಂಘಮಿತ್ರಾಳನ್ನು ಕರೆಸಿದ್ದಳು.

"ಕಣ್ಣ ಮುಂದ ಇರಲಿ ಅಂದಾಕಿ ನಾನೇ. ಮಣಿ ಮ್ಯಾಲ ತಾ ಅಂದಾಕಿನೂ ನಾನೇ. ಈಗ ನೀ ಹೇಳು, ನಾ ಕೇಳ್ತೀನಿ."

"ಪೂಜಿ ಮಾಡಬ್ಯಾಡ್ರಿ ಅನ್ನಂಗಿಲ್ಲ ಆಯಿ, ಎರಡನ್ನೂ ಒಂದೇ ಕಡಿ ಇಡಬ್ಯಾಡ್ರಿ," ಎಂದಳು ಸಂಘಮಿತ್ರಾ. "ನೆಟ್ ಗಟ್ಟಿ ಇದ್ದ ಊರಿನವರು ಎಲ್ಲಾ ಬಾಡಿಗಿ ಸರ್ವರ್‌ನಾಗೇ ಇಡಲಿ, ಅದು ಸಲೀಸು. ನಿಮ್ಮಂಥ ಕಡಿ ಕೆಲಸ ಇಲ್ಲಿ, ನಕಲು ಹೊರಗ. ಆ ನಕಲು ತಾನೇ ಹೋಗಬೇಕು. ಮನಷ್ಯಾರು ಹೊತ್ತೊಯ್ಯೋದು ಅಂದ್ರ ಒಂದಿನ ತಪ್ಪತದ."

"ಬಾಡಿಗಿಗೆ ಜಾಗ ಕೊಟ್ಟಾವ ಓಡಿಹೋದ್ರ?"

"ಅದನ್ನ ಮೊದಲೇ ಕೇಳ್ರಿ. ನಾವು ಬಿಟ್ಟು ಹೋಗೋ ದಿನ, ಇಲ್ಲಾ ನೀವು ಅಂಗಡಿ ಮುಚ್ಚೋ ದಿನ, ನಮ್ಮ ದಾಖಲೆ ಎಲ್ಲಾ ವಾಪಸ್ ಕೊಡ್ತೀರೇನು ಅಂತ ಕೇಳಿ, ಕಾಗದದ ಮ್ಯಾಲ ಬರಸ್ಕೊಳ್ರಿ. ದಿನಾ ನಕಲು ತಗೀತೀರೇನು, ನಮ್ಮದನ್ನ ಇನ್ಯಾರು ನೋಡ್ತಾರ, ಅದನ್ನೂ ಕೇಳ್ರಿ. ಪಾಸ್‌ವರ್ಡ್ ಇಬ್ಬರ ಹತ್ರ ಇರಲಿ, ಗ್ವಾಡಿ ಮ್ಯಾಲ ಬರೀಬ್ಯಾಡ್ರಿ. ಮತ್ತ ತಿಂಗಳಿಗೊಮ್ಮೆ ಆ ನಕಲು ತೆರದು, ಒಳಗ ಖರೇನೂ ಎಲ್ಲಾ ಅದನೋ ಇಲ್ಲೋ ನೋಡ್ರಿ."

ಹನುಮಮ್ಮ ಒಂದೊಂದನ್ನೂ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟಳು. ಅದೇ ದಿನ ಅಧ್ಯಕ್ಷೆಯ ಕುರ್ಚಿಯನ್ನೂ ಬಿಟ್ಟಳು. ನಾವು ಎಷ್ಟು ಹೇಳಿದರೂ ಮತ್ತೆ ಕೂರಲಿಲ್ಲ.

ಈಗ ನಮ್ಮ ಸಾಫ್ಟ್‌ವೇರ್ ಇರಬೇಕಾದ ಹಾಗೆ ಇದೆ. ನಕಲು ದಿನಾ ತಾನಾಗಿ ಹೊರಗೆ ಹೋಗುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡುತ್ತೇನೆ, ತಪ್ಪಿಲ್ಲದೆ ತೆರೆಯುತ್ತದೆ. ಈ ವರ್ಷ ಅದರೊಳಗೆ ಬರೆಯಲು ಒಂದು ಚೀಲವೂ ಇಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಹಾಲಿನ ಸಂಘವಿರಲಿ, ಹೊಲಿಗೆಯ ಕೇಂದ್ರವಿರಲಿ, ಸಣ್ಣ ಅಂಗಡಿ ಇರಲಿ, ನಿಮ್ಮ ಹತ್ತಿರ ಇನ್ನೂ ಎಲ್ಲ ಇದೆ. ಸಾಫ್ಟ್‌ವೇರ್ ಎಲ್ಲಿ ಇಡಬೇಕು ಎಂದು ಮಾರುವವರು ಕೇಳಿದಾಗ ನಮ್ಮ ಹಾಗೆ ಸುಮ್ಮನೆ ಹೂಂ ಎನ್ನಬೇಡಿ. ಇವತ್ತೇ, ಎಲ್ಲರೂ ಕೂತಿರುವಾಗಲೇ, ಒಬ್ಬರನ್ನೊಬ್ಬರು ಕೇಳಿ: ನಾಳೆ ಬೆಳಿಗ್ಗೆ ಈ ಕೋಣೆ ಇಲ್ಲವಾದರೆ ನಮ್ಮ ದಾಖಲೆಯನ್ನು ಎಲ್ಲಿಂದ ತೆಗೆಯುತ್ತೇವೆ? ಉತ್ತರ ಸಿಗುವವರೆಗೆ ಯಾರೂ ಎದ್ದು ಮನೆಗೆ ಹೋಗಬೇಡಿ.