ರಟ್ಟಿನ ಊರಿಗೆ ದೀಪ

ಚಳಿಗಾಲದ ರಜೆ ಶುರುವಾಯಿತೆಂದರೆ ದೊಡ್ಡಮ್ಮನ ಬೈಂಡಿಂಗ್ ಅಂಗಡಿಗೂ ಬೀಗ. ಶಾಲೆ, ಕಚೇರಿ, ಗ್ರಂಥಾಲಯ ಎಲ್ಲ ಮುಚ್ಚಿರುವಾಗ ಹರಿದ ಪುಸ್ತಕ ಹೊತ್ತು ತರುವವರಾದರೂ ಯಾರು? ವರ್ಷವಿಡೀ ಮೂಲೆಯಲ್ಲಿ ಕೂಡಿಟ್ಟ ರಟ್ಟಿನ ತುಂಡು, ಬಣ್ಣದ ಕಾಗದದ ಚೂರುಗಳನ್ನೆಲ್ಲ ದೊಡ್ಡ ಚೀಲಕ್ಕೆ ತುಂಬಿಕೊಂಡು ಆಕೆ ನೇರವಾಗಿ ತಂಗಿಯ ಮನೆಗೆ ಬಂದುಬಿಡುತ್ತಿದ್ದಳು. ತಂಗಿಗೆ ಬೇಕರಿಯಲ್ಲಿ ಕೆಲಸ. ಊರಿಗೆಲ್ಲ ರಜೆ ಬಂದಾಗಲೇ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ತಂಗಿಯ ಗಂಡ ಬಸ್ ಡ್ರೈವರ್, ರಾತ್ರಿ ಪಾಳಿ ಮುಗಿಸಿ ಬಂದವನು ಹಗಲೆಲ್ಲ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಹಾಗಾಗಿ ಮಕ್ಕಳಿಬ್ಬರೂ ದೊಡ್ಡಮ್ಮನ ಪಾಲಿಗೆ.

ದೊಡ್ಡವಳನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತಿದ್ದರು. ನಾಲ್ಕನೇ ಕ್ಲಾಸು, ಎಷ್ಟು ತಿಂದರೂ ಮೈಗೆ ಹತ್ತದ ಹುಡುಗಿ. ಚಿಕ್ಕವನು ಉಂಡೆ. ಮೂರು ತುಂಬಿದ್ದರೂ ನಡೆಯುವುದಕ್ಕಿಂತ ಉರುಳುವುದೇ ಹೆಚ್ಚು. ಇಬ್ಬರೂ ಸೇರಿ ದೊಡ್ಡಮ್ಮನಿಗೂ ಒಂದು ಹೆಸರಿಟ್ಟಿದ್ದರು: ಸೈರನ್. ಹಿಂದೊಮ್ಮೆ ಉಂಡೆಯ ಬಾಯೆಲ್ಲ ಕೆಂಪಗಿದ್ದುದನ್ನು ಕಂಡು ರಕ್ತವೆಂದು ಬೊಬ್ಬೆ ಹೊಡೆದು ಇಡೀ ಕಟ್ಟಡದವರನ್ನು ಮೆಟ್ಟಿಲ ಮೇಲೆ ಸೇರಿಸಿದ್ದಳು. ಅವನು ತಿಂದಿದ್ದು ಬೀಟ್‌ರೂಟ್. ಅಂದಿನಿಂದ ಆಕೆ "ಅಯ್ಯೋ" ಎಂದರೆ ಸಾಕು, ಮನೆಮಂದಿ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ನಗುವಿನಲ್ಲಿ ಆಕೆಯೂ ಸೇರಿಕೊಳ್ಳುತ್ತಿದ್ದಳು, ಆದರೆ ಒಳಗೊಳಗೇ ಚುಚ್ಚುತ್ತಿತ್ತು.

ಈ ಸಲದ ರಜೆಗೆ ಅವರು ಕಟ್ಟುತ್ತಿದ್ದುದು ರಟ್ಟಿನ ಊರು. ಊಟದ ಮೇಜಿನ ತುಂಬ ಮನೆಗಳು, ಒಂದು ಗಡಿಯಾರದ ಗೋಪುರ, ಚಿಮಣಿ ಇರುವ ಒಂದು ಕಾರ್ಖಾನೆ. ಕಿಟಕಿಗಳಿಗೆ ಬಣ್ಣದ ಹಾಳೆ ಅಂಟಿಸಿ, ಒಳಗೆ ಪುಟ್ಟ ದೀಪ ಕೂರಿಸಬೇಕು. ಒಂದೊಂದು ದೀಪಕ್ಕೂ ಕೋಟಿನ ಗುಂಡಿಯಷ್ಟು ಅಗಲದ ಒಂದು ಚಪ್ಪಟೆ ಸೆಲ್. ದೀಪವನ್ನೂ ಸೆಲ್ಲನ್ನೂ ದೊಡ್ಡಮ್ಮನೇ ಆಸೆಪಟ್ಟು ತಂದಿದ್ದಳು.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ತಂಗಿ ಬಾಗಿಲಲ್ಲಿ ನಿಂತು ಹೇಳಿದ್ದಳು: "ಅಕ್ಕಾ, ಸಣ್ಣಪುಟ್ಟ ಸಾಮಾನು ಉಂಡೆ ಕೈಗೆ ಸಿಗದ ಹಾಗೆ ನೋಡ್ಕೋ. ಅವನಿಗೆ ಕಂಡಿದ್ದೆಲ್ಲ ಬಾಯಿಗೇ."

"ನನಗೇ ಪಾಠ ಹೇಳ್ತೀಯಾ?" ಎಂದು ದೊಡ್ಡಮ್ಮ ನಕ್ಕಿದ್ದಳು. ಆಮೇಲೆ ಸೆಲ್ಲಿನ ಡಬ್ಬಿಯನ್ನು ಕಡ್ಡಿಯ ಕೈಗಿತ್ತು, "ಇದಕ್ಕೆ ನೀನೇ ಯಜಮಾನಿ. ಕಪಾಟಿನ ಮೇಲಿಂದ ಕೆಳಗಿಳಿಸಬೇಡ" ಎಂದಳು.

ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಿಗೆ ಆಕೆ ಅಡುಗೆಮನೆಯಲ್ಲಿ ಮೈದಾದ ಅಂಟು ಕಾಯಿಸುತ್ತಿದ್ದಳು. ಕೈ ಬಿಟ್ಟರೆ ಗಂಟಾಗುವ ಕೆಲಸ. ಹೊರಗೆ ಉಂಡೆ ಏನಕ್ಕೋ ರಚ್ಚೆ ಹಿಡಿದಿದ್ದ, ಆಮೇಲೆ ಒಮ್ಮೆಲೇ ಸುಮ್ಮನಾದ. ಸದ್ಯ, ಕಡ್ಡಿ ಸಮಾಧಾನ ಮಾಡಿದಳು ಅಂದುಕೊಂಡಳು ದೊಡ್ಡಮ್ಮ. ಪಾತ್ರೆ ಹಿಡಿದು ಬಂದು ನೋಡಿದರೆ ಕಡ್ಡಿ ನೆಲಕ್ಕೆ ಕೆನ್ನೆ ಹಚ್ಚಿ ಸೋಫಾದ ಕೆಳಗೆ ಇಣುಕುತ್ತಿದ್ದಳು.

"ಏನೇ ಅದು?"

"ಪೆನ್ಸಿಲ್ ಬಿತ್ತು."

ಪೆನ್ಸಿಲ್ ಅವಳ ಕಿವಿಯ ಮೇಲೇ ಇತ್ತು. ದೊಡ್ಡಮ್ಮ ಅದನ್ನು ನೋಡಿದಳು, ಮಕ್ಕಳಾಟಿಕೆ ಎಂದು ಸುಮ್ಮನಾದಳು.

ಅಂಟು ಆರುವವರೆಗೆ ಉಂಡೆಗೆ ಬಿಸ್ಕತ್ತು ಕೊಟ್ಟಳು. ಅವನು ಕಚ್ಚಿ, ಮುಖ ಕಿವುಚಿ, ಉಗುಳಿಬಿಟ್ಟ. ಬಿಸ್ಕತ್ತನ್ನು ಬೇಡವೆಂದದ್ದು ಅವನ ಜನ್ಮದಲ್ಲೇ ಮೊದಲು. ಹಾಲು ಕೊಟ್ಟರೆ ತಲೆ ತಿರುಗಿಸಿದ. ಜೊಲ್ಲು ಧಾರಾಕಾರವಾಗಿ ಸುರಿದು ಅಂಗಿಯ ಎದೆಭಾಗ ಒದ್ದೆಯಾಯಿತು. ನಡುನಡುವೆ ಒಣಕೆಮ್ಮು. ಅಳುತ್ತಿರಲಿಲ್ಲ, ಸುಮ್ಮನೆ ಕೂತು ಕತ್ತು ಮುಂದಕ್ಕೆ ಚಾಚುತ್ತಿದ್ದ.

ದೊಡ್ಡಮ್ಮ ಒಳಗೆ ಹೋಗಿ ಮಲಗಿದ್ದ ತಂಗಿಯ ಗಂಡನನ್ನು ಎಬ್ಬಿಸಿದಳು. ಅವನು ಕಣ್ಣುಜ್ಜಿಕೊಂಡು ಬಂದು ಮಗನ ಹಣೆ ಮುಟ್ಟಿ ನೋಡಿದ.

"ಶೀತ ಅಕ್ಕ. ಈ ಚಳಿಗೆ ಗಂಟಲು ಕಟ್ಟಿರುತ್ತೆ. ಸ್ವಲ್ಪ ಮಲಗಿಸಿ, ಸರಿ ಹೋಗ್ತಾನೆ."

"ಯಾಕೋ ನನಗೆ ಸರಿ ಕಾಣ್ತಿಲ್ಲ."

"ನಿಮಗೆ ಯಾವತ್ತು ಸರಿ ಕಂಡಿದೆ ಹೇಳಿ?" ಎಂದು ನಕ್ಕು ಅವನು ಮತ್ತೆ ಒಳಗೆ ಹೋದ.

ದೊಡ್ಡಮ್ಮ ಉಂಡೆಯ ಬಾಯಿ ಒರೆಸಿದಳು. ಮೇಜಿನ ಮುಂದೆ ಕೂತು ರಟ್ಟಿನ ಮೇಲೆ ಕತ್ತಿ ಆಡಿಸಿದಳು. ದಿನವೂ ಕಣ್ಣುಮುಚ್ಚಿ ನೇರ ಗೆರೆ ಕೊಯ್ಯುವ ಕೈ, ಇಂದು ಕಿಟಕಿಯನ್ನು ಸೊಟ್ಟಗೆ ಕತ್ತರಿಸಿತು. ಬೆಳಿಗ್ಗೆ ಕಾರ್ಖಾನೆಯ ದೀಪ ಮಿಣುಕಿ ಮಿಣುಕಿ ಆರಿಹೋಗಿತ್ತು. ಈಗ ನೋಡಿದರೆ ಚೆನ್ನಾಗಿ ಉರಿಯುತ್ತಿತ್ತು. ಅಂದರೆ ಕಡ್ಡಿ ಹೊಸ ಸೆಲ್ ಹಾಕಿದ್ದಾಳೆ. ಹಾಗಾದರೆ ಹಳೆಯದು?

"ಕಡ್ಡಿ, ಆರಿಹೋದ ಸೆಲ್ ಎಲ್ಲಿಟ್ಟೆ?"

"ಕಸದ ಬುಟ್ಟಿಗೆ ಹಾಕ್ದೆ." ತಲೆ ಎತ್ತದೆ ಹೇಳಿದಳು.

ದೊಡ್ಡಮ್ಮ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಕಾಗದದ ಚೂರು, ಹಣ್ಣಿನ ಸಿಪ್ಪೆ, ದಾರದ ಎಳೆ. ಬೆರಳಿನಿಂದ ಒಂದೊಂದನ್ನೇ ಕೆದಕಿದಳು. ಸೆಲ್ ಇರಲಿಲ್ಲ. ಈಗ ಕೂಗಿದರೆ ಹುಡುಗಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ ಎಂಬುದು ಆಕೆಗೆ ಗೊತ್ತಿತ್ತು. ಹಲ್ಲು ಕಚ್ಚಿ, ಅವಳೆದುರು ಮಂಡಿಯೂರಿ ಕೂತಳು.

"ನಾನು ಬೈಯಲ್ಲ ಕಣೇ. ಹೇಳು."

"ಎಲ್ಲರೂ ಮೊದಲು ಹಾಗೇ ಅಂತಾರೆ."

ಮಾತು ನಿಜವೇ ಆಗಿತ್ತು.

"ಸರಿ ಹಾಗಾದ್ರೆ, ಬೈತೀನಿ. ನಾಳೆ ಬೈತೀನಿ. ಹೊಟ್ಟೆ ತುಂಬ ಬೈತೀನಿ. ಇವತ್ತು ಮಾತ್ರ ನಿಜ ಹೇಳಿಬಿಡು. ಸೆಲ್ ಇವನ ಕೈಗೆ ಹೋಯ್ತಾ?"

"ಖಾಲಿ ಆಗಿತ್ತು ದೊಡ್ಡಮ್ಮ. ತುಂಬ ಹಠ ಮಾಡ್ತಿದ್ದ, ಆಡ್ಕೊಳ್ಳಲಿ ಅಂತ ಕೊಟ್ಟೆ. ತಿರುಗಿ ನೋಡೋ ಅಷ್ಟರಲ್ಲಿ ಕೈಯಲ್ಲಿ ಇರಲಿಲ್ಲ. ಬಿದ್ದಿರಬೇಕು ಅಂತ ಹುಡುಕ್ದೆ. ಎಲ್ಲೂ ಸಿಗಲಿಲ್ಲ."

ದೊಡ್ಡಮ್ಮ ತುರ್ತು ಸಹಾಯದವರಿಗೆ ಫೋನ್ ಮಾಡಿದಳು. ಸದ್ದಿಗೆ ಡ್ರೈವರ್ ಮತ್ತೆ ಎದ್ದು ಬಂದ.

"ಖಾಲಿ ಸೆಲ್ ತಾನೇ? ನಾಳೆ ಹೊತ್ತಿಗೆ ತಾನಾಗೇ ಹೊರಗೆ ಹೋಗುತ್ತೆ ಬಿಡಿ ಅಕ್ಕ."

ಆಕೆ ಫೋನನ್ನು ಅವನ ಕಿವಿಗೇ ಹಿಡಿದಳು. ಅತ್ತ ಕಡೆಯ ಹೆಂಗಸಿನ ದನಿ ಗಡಿಬಿಡಿಯಿಲ್ಲದೆ ಹೇಳುತ್ತಿತ್ತು: ಖಾಲಿಯಾದರೂ ಸುಡುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ತೂತು ಬೀಳಬಹುದು. ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ. ನುಂಗಲು ಆಗುತ್ತಿದ್ದರೆ ಮಾತ್ರ ಸ್ವಲ್ಪ ಸ್ವಲ್ಪ ಜೇನುತುಪ್ಪ ಕೊಡುತ್ತಾ ಬನ್ನಿ. ಮಂಜಿನಿಂದಾಗಿ ಆಂಬುಲೆನ್ಸ್ ತಡವಾಗಬಹುದು, ಕಾರಿದ್ದರೆ ಈಗಲೇ ಹೊರಡಿ.

ಅವನ ಮುಖದ ನಿದ್ದೆ ಹಾರಿಹೋಯಿತು. ಅಂಗಿಯನ್ನು ತಿರುಗುಮುರುಗಾಗಿ ಹಾಕಿಕೊಂಡೇ ಮೆಟ್ಟಿಲಿಳಿದ.

ಹಿಂದಿನ ಸೀಟಿನಲ್ಲಿ ಉಂಡೆ ದೊಡ್ಡಮ್ಮನ ತೊಡೆಯ ಮೇಲೆ, ಪಕ್ಕದಲ್ಲಿ ಜೇನಿನ ಬಾಟಲಿ ಹಿಡಿದ ಕಡ್ಡಿ. ಹೊರಗೆ ಮಂಜು ಹಾಲು ಚೆಲ್ಲಿದಂತಿತ್ತು. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣದು. ಊರೆಲ್ಲ ಸುತ್ತುವ ಬಸ್ಸನ್ನು ಹೂವಿನಂತೆ ನಡೆಸುವವನು ಈ ಪುಟ್ಟ ಕಾರಿನ ಗೇರು ಹಾಕಲು ತಡಕಾಡುತ್ತಿದ್ದ. ಕಡ್ಡಿ ಚಮಚಕ್ಕೆ ಜೇನು ಸುರಿದು ಕೊಡುತ್ತಿದ್ದಳು, ದೊಡ್ಡಮ್ಮ ಮಗುವಿನ ತುಟಿಗೆ ಒತ್ತುತ್ತಿದ್ದಳು. ಅರ್ಧ ಒಳಗೆ, ಅರ್ಧ ಹೊರಗೆ.

"ನುಂಗು ಕಂದ. ನನ್ನ ರಾಜ ಅಲ್ವಾ, ನುಂಗು."

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ತನಗೂ ರಜೆ ಎಂಬಂತೆ ತೆವಳುತ್ತಿತ್ತು. ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ, ರೈಲಿಗೇನು ಕೇಳಿಸೀತು? ಉಂಡೆ ಕೆಮ್ಮಿದ. ಬಾಯಿ ಒರೆಸಿದ ಬಟ್ಟೆಯಲ್ಲಿ ಜೊಲ್ಲಿನ ಜೊತೆ ನಸುಗೆಂಪು ಗೆರೆ. ಈ ಸಲ ಅದು ಬೀಟ್‌ರೂಟ್ ಅಲ್ಲ. ದೊಡ್ಡಮ್ಮ ಬಟ್ಟೆಯನ್ನು ಮುದುಡಿ ಮುಷ್ಟಿಯೊಳಗೆ ಬಚ್ಚಿಟ್ಟಳು. ಕಾರು ಓಡಿಸುವವನು ಇನ್ನಷ್ಟು ಗಾಬರಿಯಾಗುವುದು ಬೇಡವಾಗಿತ್ತು. ಕಡ್ಡಿ ಮಾತ್ರ ನೋಡಿಬಿಟ್ಟಿದ್ದಳು. ಇನ್ನೊಂದು ಚಮಚ ಜೇನು ಸುರಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮಗುವಿನ ಎದೆಗೂಡಿನ ಮೇಲ್ಭಾಗದಲ್ಲಿ ದುಂಡಗೆ, ಅಚ್ಚ ಬೆಳ್ಳಗೆ ಅದು ಕೂತಿತ್ತು. ಡಾಕ್ಟರಮ್ಮ ಒಮ್ಮೆ ನೋಡಿದವರೇ ನರ್ಸನ್ನು ಕರೆದರು. ಮರುಕ್ಷಣ ಉಂಡೆಯನ್ನು ಮಂಚದ ಸಮೇತ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು.

ಫೋನಿನಲ್ಲಿ ಸುದ್ದಿ ಕೇಳಿ ತಂಗಿ ಓಡೋಡಿ ಬಂದಾಗ ಇನ್ನೂ ಬೇಕರಿಯ ಏಪ್ರನ್ ಬಿಚ್ಚಿರಲಿಲ್ಲ. ಮೊಣಕೈವರೆಗೂ ಹಿಟ್ಟು. ಗಂಡನನ್ನು ನೋಡಲಿಲ್ಲ, ನೇರವಾಗಿ ಅಕ್ಕನ ಮುಂದೆ ನಿಂತಳು.

"ಬೆಳಿಗ್ಗೆ ಹೇಳಿದ್ದೆ. ಬಾಗಿಲಲ್ಲಿ ನಿಂತು ಹೇಳಿದ್ದೆ ನಿನಗೆ!"

"ಹೌದು."

"ಆಟದ ಸಾಮಾನು ಅಂತ ವಿಷ ತಂದಿಟ್ಟೆಯಲ್ಲ ಮನೆಗೆ! ಸ್ವಂತ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು."

ಡ್ರೈವರ್ "ಏ, ಸುಮ್ನಿರೇ" ಎಂದ. ತಪ್ಪು ಯಾರದೆಂದು ದೊಡ್ಡಮ್ಮನಿಗೂ ಗೊತ್ತಿತ್ತು. ತಂದದ್ದು ತಾನೇ, ಇನ್ನೂ ಮಗುವೇ ಆದ ಹುಡುಗಿಗೆ ಡಬ್ಬಿಯ ಯಜಮಾನಿಕೆ ಕೊಟ್ಟದ್ದೂ ತಾನೇ. ಆದರೂ ಕೊನೆಯ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಬೆಂಚಿನ ಮೇಲೆ ಕೂತಳು.

"ದೊಡ್ಡಮ್ಮ ಕೊಡಲಿಲ್ಲ, ನಾನು ಕೊಟ್ಟಿದ್ದು." ಬೆಂಚಿನ ಕೊನೆಯಿಂದ ಸಣ್ಣ ದನಿ ಬಂತು. "ಸುಳ್ಳೂ ಹೇಳಿದ್ದೆ. ಪೆನ್ಸಿಲ್ ಬಿತ್ತು ಅಂತ."

ತಂಗಿ ತಿರುಗಿದಳು. ಕೈ ಮೇಲೆ ಹೋಯಿತು. ಕಡ್ಡಿ ಕಣ್ಣು ಮುಚ್ಚಿಕೊಂಡಳೇ ಹೊರತು ಅಲ್ಲಾಡಲಿಲ್ಲ. ಹಿಟ್ಟು ಮೆತ್ತಿದ ಆ ಕೈ ಗಾಳಿಯಲ್ಲೇ ನಿಂತು, ನಿಧಾನವಾಗಿ ಕೆಳಗಿಳಿಯಿತು. ಅವಳು ಕಿಟಕಿಯ ಕಡೆ ಹೋಗಿ ಬೆನ್ನು ಹಾಕಿ ನಿಂತಳು.

ಬಾಗಿಲು ತೆರೆದಾಗ ಎಲ್ಲರೂ ಒಟ್ಟಿಗೆ ಎದ್ದರು. ಡಾಕ್ಟರಮ್ಮನ ಕೈಯಲ್ಲಿದ್ದ ಪುಟ್ಟ ಬಾಟಲಿಯಲ್ಲಿ ಒಂದು ಬದಿ ಕಪ್ಪಗಾದ ಸೆಲ್.

"ತೆಗೆದ್ವಿ. ಅನ್ನನಾಳ ಸುಟ್ಟಿದೆ, ಆದರೆ ತೂತು ಬಿದ್ದಿಲ್ಲ. ಕೆಲವು ದಿನ ಮೂಗಿನ ನಳಿಕೆಯಲ್ಲೇ ಆಹಾರ. ಅಲ್ಲೀತನಕ ಹುಷಾರಾಗಿ ನೋಡ್ಕೋಬೇಕು, ಈಗಲೇ ಏನೂ ಆಗಲ್ಲ ಅಂತ ಹೇಳೋಕಾಗಲ್ಲ."

"ಖಾಲಿ ಸೆಲ್ ಕೂಡ ಇಷ್ಟು..." ಡ್ರೈವರ್ ತೊದಲಿದ.

"ದೀಪಕ್ಕೆ ಖಾಲಿ, ಅಷ್ಟೇ. ಗಂಟಲಿಗೆ ಅಲ್ಲ. ಇಂಥದ್ದರಲ್ಲಿ ಎಷ್ಟೋ ಜನ ಶೀತ ಅಂದುಕೊಂಡು ಬೆಳಗಿನವರೆಗೂ ಕಾಯ್ತಾರೆ. ನೀವು ಬೇಗ ಬಂದ್ರಿ."

ಅವನು ತಲೆ ತಗ್ಗಿಸಿ ನೆಲ ನೋಡಿದ. ದೊಡ್ಡಮ್ಮ ಅವನ ಕಡೆ ತಿರುಗಲಿಲ್ಲ.

ಆಮೇಲಿನ ದಿನಗಳು ಆಸ್ಪತ್ರೆಯಲ್ಲೇ ಕಳೆದವು. ಅಕ್ಕತಂಗಿ ಸರದಿಯ ಮೇಲೆ ಮಗುವಿನ ಪಕ್ಕ ಕೂರುತ್ತಿದ್ದರು. ಒಬ್ಬಳು ಎದ್ದಾಗ ಇನ್ನೊಬ್ಬಳು ಕೂರುವುದು, ಬೆಚ್ಚಗಿದ್ದ ಕಂಬಳಿಯನ್ನು ಕೈಯಿಂದ ಕೈಗೆ ದಾಟಿಸುವುದು. ಅದರಾಚೆ ಒಂದು ಮಾತಿಲ್ಲ. ಪ್ರತಿ ಕೆಮ್ಮಿಗೂ ಇಬ್ಬರೂ ಬೆಚ್ಚುತ್ತಿದ್ದರು. ಡ್ರೈವರ್ ಪಾಳಿ ಬದಲಿಸಿಕೊಂಡು ಮನೆಯ ಅಡುಗೆ ಹೊತ್ತುಕೊಂಡ. ಮೇಜಿನ ಮೇಲಿದ್ದ ಊರಿನ ದೀಪಗಳನ್ನೆಲ್ಲ ಕಿತ್ತು ಹೊರಗೆ ಸಾಗಿಸಿದವನೂ ಅವನೇ. ಕಡ್ಡಿ ದಿನವೂ ಬಂದು ತಮ್ಮನ ಕಾಲ ಬಳಿ ಕೂರುತ್ತಿದ್ದಳು. ಅತ್ತವಳಲ್ಲ, ನಕ್ಕವಳಲ್ಲ. ಒಂದು ದಿನ ದೊಡ್ಡಮ್ಮನ ಕಿವಿಯಲ್ಲಿ ಕೇಳಿದಳು: "ನಾಳೆ ಬೈತೀನಿ ಅಂದಿದ್ರಲ್ಲ, ಯಾವಾಗ?"

"ನನಗೆ ನಾನೇ ಬೈಕೊಳ್ಳೋದು ಇನ್ನೂ ಮುಗಿದಿಲ್ಲ ಕಣೇ. ನಿನ್ನ ಸರದಿ ಆಮೇಲೆ."

ನಳಿಕೆ ತೆಗೆದ ದಿನ ನರ್ಸ್ ಒಂದು ಬಟ್ಟಲು ತಣ್ಣಗಿನ ತರಕಾರಿ ಸೂಪು ತಂದುಕೊಟ್ಟಳು. ಸಣ್ಣ ಗುಟುಕು ಕೊಟ್ಟು ನೋಡಿ, ನೋವಾದರೆ ನಿಲ್ಲಿಸಿ ಎಂದಳು. ತಂಗಿ ಬಟ್ಟಲು ತೆಗೆದುಕೊಂಡು ಚಮಚ ಅದ್ದಿದಳು. ಆಮೇಲೆ ಅದನ್ನು ಮಗಳ ಕಡೆ ಚಾಚಿದಳು.

"ತಗೋ. ನೀನು ಕುಡಿಸು."

"ನಾನಾ?"

"ಮತ್ತಿನ್ಯಾರು? ಅವನ ಅಕ್ಕ ಅಲ್ವಾ ನೀನು?"

ಚಮಚ ವಾಲಿ ಹಾಸಿಗೆಯ ಮೇಲೆ ಎರಡು ಹನಿ ಬಿತ್ತು. ಉಂಡೆ ಬಾಯಿ ತೆರೆದ. ಎಲ್ಲರ ಕಣ್ಣೂ ಅವನ ಪುಟ್ಟ ಗಂಟಲಿನ ಮೇಲೆ. ಅವನು ಹುಬ್ಬು ಗಂಟಿಕ್ಕಿದ, ತಡೆದ, ನುಂಗಿದ.

"ಉಪ್ಪಿಲ್ಲ," ಎಂದ, ಬೊಗಸೆಯಷ್ಟು ಮುಖ ಊದಿಸಿಕೊಂಡು.

ಕಡ್ಡಿ ಚಮಚವನ್ನು ಬಟ್ಟಲಲ್ಲಿಟ್ಟು, ಅಮ್ಮನ ಮಡಿಲಿಗೆ ಮುಖ ಹುದುಗಿಸಿ, ಆ ದಿನದಿಂದ ತಡೆದಿದ್ದ ಅಳುವನ್ನೆಲ್ಲ ಅತ್ತುಬಿಟ್ಟಳು. ತಂಗಿ ಮಗಳ ತಲೆ ಸವರುತ್ತ, ಮಂಚದ ಆಚೆ ನಿಂತಿದ್ದ ಅಕ್ಕನನ್ನು ನೋಡಿದಳು.

"ಅಕ್ಕಾ, ಊಟ ಮಾಡಿದ್ಯಾ?"

"ಇಲ್ಲ ಕಣೇ," ಎಂದಳು ದೊಡ್ಡಮ್ಮ. "ನೀನು?"